ನಮ್ಮ ಪಿಕಪ್ಪಿಗೆ ಹೀಟರ್ ಹಾಕಿಸಿದ್ದು

ನಮ್ಮ ಅಡುಗೆಮನೆಯ ಕಿಟಕಿಗೆ ಕೊಂಡಿ ಇಲ್ಲ. ಗಾಳಿ ಬೀಸಿದರೆ ಪಟಾರನೆ ಬಡಿದುಕೊಂಡು ಒಲೆಯ ಮುಂದೆ ನಿಂತವರ ಎದೆ ಝಲ್ಲೆನಿಸುತ್ತದೆ. ಅದಕ್ಕೇ ಕೊಂಡಿಯ ತೂತಿಗೆ ಬೆರಳುದ್ದದ ಒಂದು ಕಬ್ಬಿಣದ ತುಂಡನ್ನು ಸಿಕ್ಕಿಸಿಟ್ಟಿದ್ದೇನೆ. ನಡುವೆ ಒಂದು ನಟ್ಟು, ಒಂದು ಕಡೆ ಸ್ಕ್ರೂವಿನ ಸುತ್ತು, ಇನ್ನೊಂದು ಕಡೆ ಚೂಪಾದ ಮೂತಿ, ಆ ಮೂತಿಯೆಲ್ಲ ಸುಟ್ಟು ಕರ್ರಗಾಗಿದೆ. ಮನೆಗೆ ಬಂದ ಹೆಂಗಸರು ಕಾಫಿ ಕುಡಿಯುತ್ತ ಇದೇನ್ರೀ ಎಂದು ಕೇಳುತ್ತಾರೆ. ಹೀಟರ್ ಎನ್ನುತ್ತೇನೆ. ಯಾರೂ ನಂಬುವುದಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ, ನನಗೇ ನಂಬಿಕೆ ಬರಲು ನಲವತ್ತು ದಾಟಬೇಕಾಯಿತು.

ನನ್ನ ವಯಸ್ಸಿನ ಬೆಂಗಳೂರಿನವರಿಗೆ ಹೀಟರ್ ಎಂದರೆ ಬಕೆಟ್ಟಿನಲ್ಲಿ ಮುಳುಗಿಸುವ ಕಾಯಿಲ್. ನಮ್ಮಪ್ಪ ಸರ್ಕಾರಿ ಕಾರ್ಖಾನೆಯಲ್ಲಿದ್ದರು, ನಾವು ಅಲ್ಲೇ ಕ್ವಾರ್ಟರ್ಸಿನಲ್ಲಿದ್ದೆವು. ಬಕೆಟ್ಟಿನ ಬಾಯಿಗೆ ಅಡ್ಡಲಾಗಿ ಒಂದು ಕೋಲಿಟ್ಟು, ಅದಕ್ಕೆ ಕಾಯಿಲ್ ನೇತುಹಾಕಿ, ಅಮ್ಮ ಬಚ್ಚಲ ಬಾಗಿಲಲ್ಲೇ ಕಾವಲು ನಿಲ್ಲುತ್ತಿದ್ದಳು. ನೀರು ಕಾದಿದೆಯೋ ಇಲ್ಲವೋ ಎಂದು ಬೆರಳದ್ದಿ ನೋಡುವ ಚಪಲ ನನಗೆ. ಒಮ್ಮೆ ಅಮ್ಮ ಆಚೆ ಹೋದಾಗ ನೋಡಿಯೂಬಿಟ್ಟೆ. ಆವತ್ತಿನಿಂದ ಸ್ವಿಚ್ ಮುಟ್ಟುವ ಮೊದಲು ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುವ ಅಭ್ಯಾಸ ಬಂತು. ಈಗ ಸೀರೆಗೆ ಒರೆಸಿಕೊಳ್ಳುತ್ತೇನೆ, ಅಷ್ಟೇ ವ್ಯತ್ಯಾಸ.

ಗಾಡಿಗಳಿಗೂ ಚಳಿಯಾಗುತ್ತದೆ ಎಂದು ಗೊತ್ತಾದದ್ದೂ ಆ ಕ್ವಾರ್ಟರ್ಸಿನಲ್ಲೇ. ಮೊದಲ ಶಿಫ್ಟಿನ ಸೈರನ್ ಕೂಗುವ ಮುಂಚೆ ಗಂಡಸರೆಲ್ಲ ಮಂಕಿ ಕ್ಯಾಪ್ ಹಾಕಿಕೊಂಡು ತಮ್ಮ ತಮ್ಮ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು, ಅದನ್ನು ಒಂದು ಪಕ್ಕಕ್ಕೆ ವಾಲಿಸುತ್ತಿದ್ದರು. ವಾಲಿಸಿ, ಸ್ವಲ್ಪ ಹೊತ್ತು ಹಾಗೇ ಹಿಡಿದು, ನೆಟ್ಟಗೆ ಮಾಡಿ ಕಿಕ್ ಹೊಡೆಯುತ್ತಿದ್ದರು. ನಮ್ಮ ಸಾಲಿನಲ್ಲಿ ವಾಲಿಸದೆ ಕಿಕ್ ಹೊಡೆದವರನ್ನು ನಾನಂತೂ ಕಂಡಿಲ್ಲ. ಅಪ್ಪನ ಟಿಫನ್ ಕ್ಯಾರಿಯರ್ ಹಿಡಿದುಕೊಂಡು ನಿಂತಿರುತ್ತಿದ್ದ ನಾನು, ದೇವರಿಗೆ ಅಡ್ಡ ಬೀಳುವ ಹಾಗೆ ಇದೂ ಕೆಲಸಕ್ಕೆ ಹೋಗುವವರು ಮಾಡಬೇಕಾದ ಒಂದು ಶಾಸ್ತ್ರ ಎಂದುಕೊಂಡಿದ್ದೆ.

ಮದುವೆಯಾಗಿ ಬಾಗಲಗುಂಟೆಗೆ ಬಂದೆ. ನಮ್ಮವರ ಮನೆತನ ಅಲ್ಲಿನ ಮೂಲದ್ದು. ರಾಗಿ ಬೆಳೆಯುತ್ತಿದ್ದ ಹೊಲ ಯಾವತ್ತೋ ಕಾರ್ಖಾನೆಗಳ ಕಾಂಪೌಂಡಿನೊಳಗೆ ಸೇರಿಹೋಗಿತ್ತು. ಉಳಿದ ಜಾಗದಲ್ಲಿ ಮಾವ ಸಾಲಾಗಿ ಬಾಡಿಗೆ ರೂಮು ಕಟ್ಟಿದ್ದರು. ಮಾವ ಹೋದ ಮೇಲೆ ಅಣ್ಣತಮ್ಮಂದಿರು ಪಾಲಾದರು. ಅಣ್ಣ ಎಂದರೆ ನನ್ನ ಭಾವ, ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ರಿಟೈರಾದವರು. ತಮ್ಮ ನಮ್ಮವರು. ಪಾಲು ಮಾಡಲು ಕೂತ ಹಿರಿಯರು ಅಂಗಳದ ನಡುವೆ ಗೋಡೆ ಹಾಕಿಸಿದರು. ಬೋರ್‌ವೆಲ್ ಭಾವನ ಕಡೆಗೆ ಹೋಯಿತು, ಬೋರ್‌ವೆಲ್ಲಿನ ನೀರು ತುಂಬಿಕೊಳ್ಳುವ ಸಂಪು ನಮ್ಮ ಕಡೆಗೆ ಬಂತು. ಎಲ್ಲ ಸಮ ಸಮ ಆಯಿತು ಎಂದು ಹಿರಿಯರು ಊಟ ಮಾಡಿ ಎದ್ದು ಹೋದರು.

ಜಗಳವಾಗಲು ಇನ್ನೇನು ಬೇಕು? ಒಂದು ದಿನ ನೀರಿನ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಭಾವ, ಇನ್ಮೇಲೆ ನನ್ನ ಹೊಸ್ತಿಲು ತುಳೀಬೇಡ ಕಣೋ ಎಂದುಬಿಟ್ಟರು. ನಮ್ಮವರು ತುಳಿಯಲಿಲ್ಲ. ಹಬ್ಬಗಳು ಬಂದವು, ಭಾವನ ಮಗಳ ಮದುವೆಯೂ ಆಯಿತು. ಅದು ಛತ್ರದಲ್ಲಿ ನಡೆದದ್ದರಿಂದ ನಮ್ಮವರು ಹೋಗಿ ಅಕ್ಷತೆ ಹಾಕಿ ಬಂದರು, ಛತ್ರದ ಹೊಸ್ತಿಲು ಅಣ್ಣನದ್ದಲ್ಲವಲ್ಲ. ನಾನೂ ನನ್ನ ಓರಗಿತ್ತಿಯೂ ಗೋಡೆಯ ಮೇಲಿಂದ ಸಾರಿನ ಬಟ್ಟಲು ದಾಟಿಸುತ್ತಲೇ ಇದ್ದೆವು. ಗಂಡಸರ ನಡುವೆ ಮಾತ್ರ ಒಂದು ಮಾತಿಲ್ಲ. ಮೋಟಾರ್ ಹಾಕುವುದಿದ್ದರೆ ಭಾವ ಗೋಡೆಯಾಚೆ ನಿಂತು, ಮೋಟ್ರು ಹಾಕ್ತೀನಿ ಅಂತ ಹೇಳಮ್ಮ, ಎನ್ನುತ್ತಿದ್ದರು. ನಮ್ಮವರು ನನ್ನ ಪಕ್ಕದಲ್ಲೇ ನಿಂತಿರುತ್ತಿದ್ದರು. ಇಬ್ಬರಿಗೂ ಕೇಳಿಸಿದ್ದನ್ನು ನಾನು ಇನ್ನೊಮ್ಮೆ ಹೇಳಬೇಕಿತ್ತು. ಹೇಳುತ್ತಿದ್ದೆ. ಆಮೇಲೆ ನಮ್ಮವರು, ಸರಿ ಅಂತ ಹೇಳು, ಎನ್ನುತ್ತಿದ್ದರು. ಅದನ್ನೂ ಹೇಳುತ್ತಿದ್ದೆ. ನನಗೆ ಇದರಿಂದ ಬೇಸರವಾಗುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಆ ಮನೆಯಲ್ಲಿ ನನ್ನ ಬಾಯಿಗೆ ಅಷ್ಟು ಬೆಲೆ ಬಂದದ್ದು ಆಗಲೇ.

ನಮ್ಮದು ತಿಂಡಿ ವ್ಯಾಪಾರ. ಕ್ಯಾಂಟೀನ್ ಇಲ್ಲದ ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಬೆಳಗಿನ ಇಡ್ಲಿ, ಚಿತ್ರಾನ್ನ ಕೊಂಡೊಯ್ದು ಕೊಡುವುದು. ಅದಕ್ಕಾಗಿ ನಮ್ಮವರು ಒಂದು ಡೀಸೆಲ್ ಪಿಕಪ್ ಕೊಂಡರು. ನಮ್ಮ ಕೈಗೆ ಬರುವ ಹೊತ್ತಿಗೆ ಅದು ತನ್ನ ಆಯುಷ್ಯದ ಮುಕ್ಕಾಲು ಪಾಲು ಮುಗಿಸಿತ್ತು. ಬೆಳಗಿನ ಚಳಿಗೆ ಸೆಲ್ಫ್ ಹೊಡೆದರೆ ಕುಯ್ಯೋ ಎಂದು ಅತ್ತು ಸುಮ್ಮನಾಗುತ್ತಿತ್ತು. ನಮ್ಮ ಮನೆ ಇಳಿಜಾರಿನ ಬೀದಿಯ ಮೇಲ್ತುದಿಯಲ್ಲಿರುವುದರಿಂದ ತಳ್ಳಿ ಸ್ಟಾರ್ಟ್ ಮಾಡುವುದೇ ರೂಢಿಯಾಯಿತು. ನಾನು ಸ್ಟೀರಿಂಗ್ ಹಿಡಿದು ಕೂರುವುದು, ನಮ್ಮವರು ಹಿಂದಿನಿಂದ ತಳ್ಳುವುದು. ಮೊದಮೊದಲು ಚಳಿಗಾಲದಲ್ಲಿ ಮಾತ್ರ ಹೀಗಿತ್ತು, ಆಮೇಲೆ ವರ್ಷವಿಡೀ ಹೀಗೇ ಆಯಿತು.

ನಾನು ಡ್ರೈವಿಂಗ್ ಕಲಿತದ್ದು ಹಾಗೆ. ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿ ಹಿಡಿದು, ಗಾಡಿ ಉರುಳಿದ ಮೇಲೆ ತಟ್ಟನೆ ಕಾಲು ತೆಗೆಯುವುದು. ಗಾಡಿ ಒಮ್ಮೆ ಮುಗ್ಗರಿಸಿದ ಹಾಗಾಗಿ ಹೊರಟುಬಿಡುತ್ತದೆ. ಒಂದನೇ ಗೇರಿಗೆ ಏನು ಕೆಲಸ ಎಂದು ನನಗೆ ಬಹಳ ಕಾಲ ಗೊತ್ತಿರಲಿಲ್ಲ. ಲೈಸೆನ್ಸ್ ಪರೀಕ್ಷೆಯ ದಿನ ಡ್ರೈವಿಂಗ್ ಸ್ಕೂಲಿನವರ ಕಾರಿನಲ್ಲಿ ಎರಡನೇ ಗೇರು ಹಾಕಿ, ಕ್ಲಚ್ ಒತ್ತಿಕೊಂಡು, ಕನ್ನಡಿಯಲ್ಲಿ ಹಿಂದೆ ನೋಡುತ್ತ ಕೂತೆ. ಯಾಕಮ್ಮ ಹೊರಡಲ್ವಾ ಎಂದು ಇನ್ಸ್‌ಪೆಕ್ಟರು ಕೇಳಿದರು. ಇನ್ನೂ ಯಾರೂ ತಳ್ತಿಲ್ವಲ್ಲ ಸಾರ್ ಎಂದೆ. ಆವತ್ತು ನಾನು ಪಾಸಾಗಲಿಲ್ಲ.

ಅಣ್ಣತಮ್ಮಂದಿರು ಮಾತು ಬಿಟ್ಟ ಮೇಲಿನ ಮೊದಲ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಮ್ಮವರು ಒಬ್ಬರೇ ತಳ್ಳುತ್ತಿದ್ದರು. ಇಡ್ಲಿ ಪಾತ್ರೆ, ಸಾಂಬಾರಿನ ಕ್ಯಾನು, ಚಟ್ನಿ ಎಲ್ಲ ತುಂಬಿದ್ದರಿಂದ ಗಾಡಿ ಅಲುಗುತ್ತಿರಲಿಲ್ಲ. ಇದ್ದಕ್ಕಿದ್ದ ಹಾಗೆ ಹಗುರವಾಗಿ ಮುಂದಕ್ಕೆ ಹೋಯಿತು. ಕನ್ನಡಿಯಲ್ಲಿ ನೋಡಿದರೆ ನಮ್ಮವರ ತಲೆಯ ಪಕ್ಕದಲ್ಲಿ ಒಂದು ಮಂಕಿ ಕ್ಯಾಪ್. ಭಾವ ತಳ್ಳುತ್ತಿದ್ದರು. ಗಾಡಿ ಸ್ಟಾರ್ಟ್ ಆಯಿತು, ನಮ್ಮವರು ಓಡಿ ಬಂದು ಹತ್ತಿಕೊಂಡರು, ಭಾವ ಸೊಂಟದ ಮೇಲೆ ಕೈಯಿಟ್ಟುಕೊಂಡು ಬೀದಿಯ ನಡುವೆ ನಿಂತರು. ಮಾರನೆಯ ದಿನವೂ ಮಂಕಿ ಕ್ಯಾಪ್ ಬಂತು. ಅದರ ಮಾರನೆಯ ದಿನವೂ ಬಂತು. ಆಮೇಲೆ ಭಾವ ಗೇಟಿನ ಒಳಗೆ ಕಾದು ನಿಂತಿರುವುದು ಶುರುವಾಯಿತು. ನಾನು ಗಾಡಿಯ ಬಾಗಿಲು ಹಾಕಿದ ಸದ್ದಾದರೆ ಸಾಕು, ಅವರ ಗೇಟು ಕಿರ್ರೆನ್ನುತ್ತಿತ್ತು. ಭಾವ ಬಲಗಡೆ, ನಮ್ಮವರು ಎಡಗಡೆ, ನೊಗಕ್ಕೆ ಕಟ್ಟಿದ ಎತ್ತುಗಳಂತೆ ಇಬ್ಬರ ತಲೆಗಳೂ ಒಟ್ಟಿಗೇ ಬಗ್ಗುತ್ತಿದ್ದವು. ವರ್ಷಗಟ್ಟಲೆ ಪ್ರತಿದಿನ ಬೆಳಿಗ್ಗೆ ಆ ಕನ್ನಡಿಯಲ್ಲಿ ನಾನು ನೋಡಿದ್ದು ಇದನ್ನೇ. ಬೀದಿಯ ತುದಿಗೆ ಹೋಗುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಒಂದೇ ತಾಯಿಯ ಮಕ್ಕಳು ದಿನಕ್ಕೊಮ್ಮೆ ಜೊತೆಗಿರುತ್ತಿದ್ದದ್ದು ಅಷ್ಟು ದೂರ ಮಾತ್ರ.

ಕಳೆದ ಚಳಿಗಾಲದಲ್ಲಿ ಭಾವನ ಮಗಳಿಗೆ ಹೆರಿಗೆಯಾಯಿತು. ಅವಳಿರುವುದು ಮಹದೇವಪುರದಲ್ಲಿ. ಭಾವನೂ ಓರಗಿತ್ತಿಯೂ ಮೊಮ್ಮಗುವನ್ನು ನೋಡಿಕೊಳ್ಳಲು ಹೊರಟರು. ಹೊರಡುವ ಮೊದಲು ಭಾವ ಗೋಡೆಯಾಚೆಯಿಂದ, ಗಾಡಿ ತಳ್ಳೋಕೆ ಯಾರನ್ನಾದ್ರೂ ನೋಡ್ಕೊ ಅಂತ ಹೇಳಮ್ಮ, ಎಂದರು. ಹೇಳಿದೆ. ನಮ್ಮವರು ಯಾರನ್ನೂ ನೋಡಿಕೊಳ್ಳಲಿಲ್ಲ. ಬಾಡಿಗೆಯವರೆಲ್ಲ ಶಿಫ್ಟ್ ಮುಗಿಸಿ ಮಲಗಿರುತ್ತಾರೆ, ಅವರನ್ನು ಎಬ್ಬಿಸುವುದು ಚೆನ್ನಾಗಿರುವುದಿಲ್ಲ ಎಂದರು. ಒಬ್ಬರೇ ತಳ್ಳಿ ಸೊಂಟ ಹಿಡಿಸಿಕೊಂಡರು. ಇಂಜಿನ್ ಬೆಚ್ಚಗಾದರೆ ಹೊರಟೀತು ಎಂದು ನಾನು ಒಂದು ಡಬರಿ ತುಂಬ ಕುದಿಯುವ ನೀರನ್ನು ಇಂಜಿನ್ನಿನ ಕೆಳಗೆ ತಳ್ಳಿ, ಮೇಲಿಂದ ಕಂಬಳಿ ಹೊದಿಸಿ ಕಾದೆ. ಗಾಡಿ ಹೊರಡಲಿಲ್ಲ, ಕಂಬಳಿಗೆ ಮಾತ್ರ ಡೀಸೆಲ್ ವಾಸನೆ ಹತ್ತಿಕೊಂಡಿತು. ತಿಂಡಿ ತಡವಾಗಿ ಹೋಗಿ, ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಒಂದು ಕಾರ್ಖಾನೆಯ ಸೂಪರ್‌ವೈಸರ್ ನಯವಾಗಿಯೇ ಹೇಳಿದರು.

ಆವತ್ತು ಮಧ್ಯಾಹ್ನ ಕೂತು ಮೊಬೈಲಿನಲ್ಲಿ ಹುಡುಕಿದೆವು. ಯಾವುದೋ ಹಿಮ ಬೀಳುವ ದೇಶದ ವೀಡಿಯೋ ಸಿಕ್ಕಿತು. ಅಲ್ಲಿ ಪಿಕಪ್ಪಿನ ಇಂಜಿನ್ನಿನೊಳಗೇ ಒಂದು ಹೀಟರ್ ಇಟ್ಟಿರುತ್ತಾರಂತೆ. ಅದರ ವೈರು ಮುಂದಿನ ಬಂಪರಿನಿಂದ ಆಚೆ ಬಂದಿರುತ್ತದೆ, ರಾತ್ರಿ ಮಲಗುವ ಮುಂಚೆ ಅದನ್ನು ಮನೆಯ ಪ್ಲಗ್ಗಿಗೆ ಸಿಕ್ಕಿಸುತ್ತಾರೆ, ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಿದ ಹಾಗೆ. ಅಂದರೆ ಇದೂ ನಮ್ಮ ಬಕೆಟ್ ಕಾಯಿಲ್ಲೇ ಎಂದು ನನಗೆ ಸಮಾಧಾನವಾಯಿತು. ನಮ್ಮವರು ತಕ್ಷಣ ಹೊರಗೆ ಹೋಗಿ ಬಂಪರಿನ ಕೆಳಗೆ ಅಂಗಾತ ಮಲಗಿ ವೈರು ಹುಡುಕಿದರು. ಒಂದು ವೈರು ಸಿಕ್ಕಿಯೂಬಿಟ್ಟಿತು. ಅದಕ್ಕೊಂದು ಪ್ಲಗ್ ಹಾಕಿ ಕರೆಂಟ್ ಕೊಡೋಣವೇ ಎಂದು ಕೇಳಿದರು. ನಾನು ಕೈಯನ್ನು ಸೀರೆಗೆ ಒರೆಸಿಕೊಂಡು, ಬೇಡ, ಮೆಕ್ಯಾನಿಕ್ ಹತ್ತಿರ ಹೋಗೋಣ ಎಂದೆ. ಅದು ಹಾರ್ನಿನ ವೈರು ಎಂದು ಆಮೇಲೆ ತಿಳಿಯಿತು.

ಮಾದನಾಯಕನಹಳ್ಳಿಯಲ್ಲಿ ಗೋದಾಮುಗಳ ಸಾಲಿನ ಪಕ್ಕ ನಯಾಜ್ ಅವರ ಗ್ಯಾರೇಜ್ ಇದೆ. ಕೆಲಸಕ್ಕಿಂತ ಮಾತು ಜಾಸ್ತಿ, ಆದರೆ ಒಳ್ಳೆಯ ಮನುಷ್ಯ. ಹಾರ್ನಿನ ವೈರಿನ ಕಥೆ ಕೇಳಿ ಅವರು ಟೀ ಲೋಟ ಕೆಳಗಿಟ್ಟು ನಕ್ಕರು. ಬೆಂಗಳೂರು ಚಳಿಗೆ ಆ ಹೀಟರ್ ಯಾವ ಗಾಡಿಗೂ ಬರಲ್ಲ ಸಾರ್, ನಿಮ್ದಕ್ಕೆ ಇರೋದು ಹೀಟರ್ ಪ್ಲಗ್, ಎಂದರು. ಒಂದೊಂದು ಸಿಲಿಂಡರಿನೊಳಗೂ ಒಂದೊಂದು ಮೂತಿ ಇಳಿಬಿಟ್ಟಿರುತ್ತದಂತೆ. ಕೀ ತಿರುಗಿಸಿದಾಗ ಅದು ಕೆಂಡದಂತೆ ಕಾದು ಡೀಸೆಲ್ ಹತ್ತಿಕೊಳ್ಳಲು ಸಹಾಯ ಮಾಡುತ್ತದಂತೆ. ಡ್ಯಾಶ್‌ಬೋರ್ಡಿನಲ್ಲಿ ಸುರುಳಿಯ ಚಿತ್ರದ ಹಳದಿ ದೀಪ ಹತ್ತಿ ಆರುವುದು ಅದಕ್ಕೇ. ನಾನು ಅಷ್ಟು ವರ್ಷ ಆ ದೀಪವನ್ನು ಚಕ್ಕುಲಿ ಎಂದುಕೊಂಡು ಸುಮ್ಮನಿದ್ದೆ.

ಇಂಜಿನ್ ಬಿಸಿ ಇರುವಾಗಲೇ ಪ್ಲಗ್ ಬಿಚ್ಚಬೇಕು, ತಣ್ಣಗಿರುವಾಗ ಬಲವಂತ ಮಾಡಿದರೆ ಒಳಗೇ ಮುರಿದು ಕೂರುತ್ತದೆ ಎಂದರು ನಯಾಜ್. ಡೀಸೆಲ್ ಪೈಪುಗಳ ಕೆಳಗೆ ನಾಲ್ಕು ಪ್ಲಗ್ಗುಗಳು ಅವಿತುಕೊಂಡಿದ್ದವು. ನಾಲ್ಕರ ತಲೆಗೂ ಸೇರಿ ಒಂದು ತಗಡಿನ ಪಟ್ಟಿ, ಆ ಪಟ್ಟಿಯ ತುದಿಗೆ ಒಂದು ದಪ್ಪ ವೈರು. ಬ್ಯಾಟರಿಯಿಂದ ಒಂದು ಬಲ್ಬಿಗೆ ವೈರು ಕೊಟ್ಟು ಒಂದೊಂದೇ ಪ್ಲಗ್ಗಿಗೆ ಮುಟ್ಟಿಸಿದರು. ಯಾವುದಕ್ಕೂ ಬಲ್ಬು ಹತ್ತಲಿಲ್ಲ. ಎಲ್ಲ ಖಲಾಸ್ ಎಂದು ಹೊಸದು ತರಿಸಿ ಹಾಕಿದರು. ವೈರನ್ನು ಕೂರಿಸುವ ಕೊನೆಯ ನಟ್ಟು ಮಾತ್ರ ಇಂಜಿನ್ನಿನ ಹಿಂದಿನ ಮೂಲೆಯಲ್ಲಿತ್ತು, ಅವರ ಕೈ ದಪ್ಪ, ನಮ್ಮವರದೂ ದಪ್ಪ. ನಾನು ಬಳೆ ತೆಗೆದಿಟ್ಟು ಕೈ ತೂರಿಸಿ ನಟ್ಟು ಕೂರಿಸಿದೆ. ಮೇಡಂ ನಾಳೆಯಿಂದ ಇಲ್ಲೇ ಬನ್ನಿ ಎಂದರು ನಯಾಜ್. ಈ ಹೊಗಳಿಕೆಯನ್ನು ನಾನು ಆಮೇಲೆ ಬಹಳ ಜನಕ್ಕೆ ಹೇಳಿದ್ದೇನೆ, ಈಗ ನಿಮಗೂ ಹೇಳಿದೆ. ಹಳೆಯ ಪ್ಲಗ್ಗುಗಳನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರು. ವೈರಿಗೆ ಸುತ್ತಿ ಉಳಿದ ಕಪ್ಪು ಟೇಪಿನ ಸುರುಳಿಯನ್ನು, ಬೇಕಾಗ್ತದೆ ಇಟ್ಕೊಳ್ಳಿ ಎಂದು ಡ್ಯಾಶ್‌ಬೋರ್ಡಿನ ಖಾನೆಯೊಳಗೆ ಎಸೆದರು. ಆ ಖಾನೆಯ ಬಾಗಿಲು ಎಷ್ಟು ಮುಚ್ಚಿದರೂ ಗಾಡಿ ಒಮ್ಮೆ ಕುಲುಕಿದರೆ ತಾನೇ ತೆರೆದುಕೊಳ್ಳುತ್ತದೆ. ಅದನ್ನು ಸರಿಮಾಡಿಸಲು ಮರೆತೆವು.

ಮಾರನೆಯ ಬೆಳಿಗ್ಗೆ ಚಕ್ಕುಲಿ ಹತ್ತಿ ಆರಿತು, ಕೀ ತಿರುಗಿಸಿದ್ದೇ ತಡ, ಗಾಡಿ ಗುರ್ರೆಂದಿತು. ಒಂದನೇ ಗೇರಿನಲ್ಲಿ ಹೊರಟೆ. ನಮ್ಮವರು ನನ್ನ ಪಕ್ಕದಲ್ಲಿ ಕಾಲು ಚಾಚಿ ಕೂತು ಹಾಡು ಗುನುಗಿದರು. ತಿಂಡಿ ಹೊತ್ತಿಗೆ ಮುಂಚೆಯೇ ಹೋಯಿತು, ಸೂಪರ್‌ವೈಸರ್ ಇನ್ನೂ ಬಂದೇ ಇರಲಿಲ್ಲ.

ಭಾವ ವಾಪಸ್ ಬಂದರು. ಬಂದ ಮರುದಿನ ನಾನು ಗಾಡಿಯ ಬಾಗಿಲು ಹಾಕಿದ ಸದ್ದಿಗೆ ಅವರ ಗೇಟು ಕಿರ್ರೆಂದಿತು. ಮಂಕಿ ಕ್ಯಾಪ್ ಹಾಕಿಕೊಂಡು, ಸ್ವೆಟರಿನ ತೋಳು ಮೇಲಕ್ಕೇರಿಸುತ್ತ ಬಂದರು. ಅಷ್ಟರಲ್ಲಿ ನನ್ನ ಕೈ ತನ್ನಷ್ಟಕ್ಕೆ ಕೀ ತಿರುಗಿಸಿಬಿಟ್ಟಿತ್ತು. ಗಾಡಿ ಸ್ಟಾರ್ಟ್ ಆಗಿ ನಿಂತಿತ್ತು. ಭಾವ ಬೀದಿಯ ನಡುವೆ ನಿಂತು ಆ ಸದ್ದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಏರಿಸಿದ ತೋಳನ್ನು ಇಳಿಸಿಕೊಂಡು ಒಳಗೆ ಹೋದರು. ಕನ್ನಡಿಯಲ್ಲಿ ಅದನ್ನು ನೋಡಿ ನನಗೆ ಬಹಳ ಸಂಕಟವಾಯಿತು. ಪಕ್ಕದಲ್ಲಿ ಕೂತಿದ್ದ ನಮ್ಮವರು ಆವತ್ತು ಗುನುಗಲಿಲ್ಲ.

ಆಮೇಲೆ ಗೇಟಿನ ಸದ್ದು ಬರುವುದು ನಿಂತಿತು. ಭಾವ ಈಗ ತಡವಾಗಿ ಏಳುತ್ತಾರೆ, ಹಾಸಿಗೆಯಲ್ಲೇ ಕೂತು ನಮ್ಮ ಗಾಡಿ ಹೋಗುವುದನ್ನು ಕೇಳಿಸಿಕೊಳ್ಳುತ್ತಾರೆ, ಎಂದು ಓರಗಿತ್ತಿ ಗೋಡೆಯ ಮೇಲಿಂದ ಹೇಳಿದಳು. ನೀವು ಬೇಕಂತಲೇ ಮಾಡಿಸಿದಿರಿ ಎಂದುಕೊಂಡಿದ್ದಾರೆ ಎಂದೂ ಹೇಳಿದಳು. ನಾನು ಅದನ್ನು ನಮ್ಮವರಿಗೆ ಹೇಳಿದೆ. ಗಾಡಿ ಚೆನ್ನಾಗಿರೋದೂ ತಪ್ಪಾ ಎಂದು ರೇಗಿದರು. ಆದರೆ ಅವರಿಗೂ ಊಟ ಸೇರುತ್ತಿರಲಿಲ್ಲ. ಬೆಳಿಗ್ಗೆ ಗಾಡಿ ಹೊರಟಾಗ ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತಿದ್ದರು. ನಾನು ಇದ್ದದ್ದನ್ನು ಹೇಳುತ್ತೇನೆ: ಆ ನಾಲ್ಕು ಹೀಟರ್‌ಗಳು ಸುಟ್ಟುಕೊಂಡೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅಣ್ಣನೂ ತಮ್ಮನೂ ಒಬ್ಬರ ಹತ್ತಿರ ಒಬ್ಬರು ಬರಲು ಇದ್ದದ್ದು ಅದೊಂದೇ ನೆಪ, ಅದನ್ನು ನಾವೇ ಬಿಚ್ಚಿಸಿ, ಕಾಗದದಲ್ಲಿ ಸುತ್ತಿಸಿಕೊಂಡು ಬಂದಿದ್ದೆವು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ನಾನು ಇಡ್ಲಿ ತಟ್ಟೆ ಬಿಡಿಸುತ್ತಿದ್ದೆ. ನಮ್ಮವರು ಎಂದಿಗಿಂತ ಬೇಗ ಗಾಡಿಯ ಹತ್ತಿರ ಹೋಗಿದ್ದರು. ಪಾತ್ರೆ ಎತ್ತಿಕೊಳ್ಳಲು ಒಳಗೆ ಬಂದಾಗ ಅವರ ಹೆಬ್ಬೆರಳಿಗೆ ಗ್ರೀಸ್ ಮೆತ್ತಿತ್ತು, ಮುಂಗೈ ತರಚಿತ್ತು. ಇಡ್ಲಿ ತುಂಬುವವರ ಬೆರಳಿಗೆ ಗ್ರೀಸ್ ಯಾಕೆ ಎಂದು ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಕೈ ತೊಳ್ಕೊಂಡು ಪಾತ್ರೆ ಮುಟ್ಟಿ ಎಂದಷ್ಟೇ ಹೇಳಿದೆ.

ಗಾಡಿ ಹತ್ತಿ ಬಾಗಿಲು ಹಾಕಿದೆ. ಚಕ್ಕುಲಿ ಹತ್ತಿತು, ಆರಿತು. ಸೆಲ್ಫ್ ಹೊಡೆದರೆ ಕುಯ್ಯೋ ಎಂದು ಅಳತೊಡಗಿತು. ಇನ್ನೊಮ್ಮೆ ಹೊಡಿ ಎಂದು ನಮ್ಮವರು ಹೊರಗಿನಿಂದ ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು. ಹೊಡೆದೆ. ಇನ್ನೂ ಒಮ್ಮೆ ಎಂದರು. ಅದೂ ಆಯಿತು. ಗೇಟು ಕಿರ್ರೆನ್ನಲಿಲ್ಲ. ನಮ್ಮವರು ಹಿಂದೆ ಹೋಗಿ ಒಬ್ಬರೇ ತಳ್ಳಲು ಶುರುಮಾಡಿದರು. ಕನ್ನಡಿಯಲ್ಲಿ ಅವರ ನೆತ್ತಿ ಮಾತ್ರ ಕಾಣುತ್ತಿತ್ತು. ಗಾಡಿ ಅಲುಗಲಿಲ್ಲ. ಆಮೇಲೆ, ಯಾವ ಸದ್ದೂ ಇಲ್ಲದೆ, ಹಗುರವಾಗಿ ಮುಂದಕ್ಕೆ ಹೋಯಿತು. ಮಂಕಿ ಕ್ಯಾಪ್ ಬಂದಿತ್ತು. ಗೇಟು ಆಗಲೇ ತೆರೆದಿತ್ತು ಎಂದು ಕಾಣುತ್ತದೆ.

ನನಗೆ ಎಷ್ಟು ಸಂತೋಷವಾಯಿತೆಂದರೆ ಕ್ಲಚ್ ಬಿಡುವುದನ್ನೇ ಮರೆತೆ. ಗಾಡಿ ಸ್ಟಾರ್ಟ್ ಆಗದೆ ಇಳಿಜಾರಿನ ಕೊನೆಗೆ ಹೋಗಿ ನಿಂತುಬಿಟ್ಟಿತು. ಭಾವ ಏದುಸಿರು ಬಿಡುತ್ತ ನನ್ನ ಕಿಟಕಿಯ ಹತ್ತಿರ ಬಂದು, ಬಾನೆಟ್ ಲಿವರ್ ಎಳೀಮ್ಮ, ಎಂದರು. ಅಷ್ಟು ವರ್ಷ ತಳ್ಳಿದ್ದರೂ ಅವರು ಬಾನೆಟ್ಟಿಗೆ ಕೈ ಹಾಕಿದವರಲ್ಲ. ಎಳೆದೆ. ಬಾನೆಟ್ ಮೇಲೆದ್ದು ಗಾಜಿಗೆ ಅಡ್ಡವಾಯಿತು. ಅದರಾಚೆ ನಿಂತ ಅಣ್ಣತಮ್ಮಂದಿರು ನನಗೆ ಕಾಣದಾದರು. ಭಾವ ಬಗ್ಗಿ ಆ ಹಿಂದಿನ ಮೂಲೆಯನ್ನು ನೋಡುತ್ತಿದ್ದಾರೆ, ಬಿಚ್ಚಿ ನೇತುಬಿಟ್ಟ ವೈರು ಅವರ ಕಣ್ಣಿಗೆ ಬಿದ್ದಿದೆ ಎಂದು ನನಗೆ ಗೊತ್ತಾಯಿತು. ಇಡೀ ಜನ್ಮ ಫಿಟ್ಟರ್ ಕೆಲಸ ಮಾಡಿದವರಿಗೆ ಬಿಚ್ಚಿಕೊಂಡ ನಟ್ಟು ಯಾವುದು, ಬಿಚ್ಚಿಟ್ಟ ನಟ್ಟು ಯಾವುದು ಎಂದು ಹೇಳಿಕೊಡಬೇಕೇ? ಅವರು ನನ್ನನ್ನು ಕರೆದು, ಅವನಿಗೆ ಹೀಗೆ ಹೇಳಮ್ಮ ಎನ್ನುತ್ತಾರೆ ಎಂದು ನಾನು ಕಾದೆ. ಕರೆಯಲಿಲ್ಲ.

"ಬಿಚ್ಚಿದ ಮೇಲೆ ವೈರಿಗೆ ಟೇಪ್ ಸುತ್ತಬೇಕು ಕಣೋ," ಭಾವ ಹೇಳುತ್ತಿದ್ದದ್ದು ನಮ್ಮವರಿಗೆ. "ಇಂಗೇ ಬುಟ್ರೆ ಇಂಜಿನ್ನಿಗೆ ತಾಗಿ ಸುಟ್ಟೋಯ್ತದೆ."

ಬಾನೆಟ್ಟಿನಾಚೆಯಿಂದ ನಮ್ಮವರ ದನಿ ಬಂತು.

"ಟೇಪ್ ಇಲ್ಲ ಕಣಣ್ಣ."

"ನಮ್ಮನೇಲೈತೆ. ಬಾ."

ಗಾಡಿ ಕುಲುಕಿದ್ದಕ್ಕೆ ಡ್ಯಾಶ್‌ಬೋರ್ಡಿನ ಖಾನೆ ಎಂದಿನಂತೆ ತಾನೇ ತೆರೆದುಕೊಂಡಿತ್ತು. ನಯಾಜ್ ಕೊಟ್ಟ ಕಪ್ಪು ಟೇಪಿನ ಸುರುಳಿ ಎದುರಿಗೇ ಕೂತಿತ್ತು. ಬಾನೆಟ್ಟಿನ ಪಕ್ಕದಿಂದ ಇಬ್ಬರೂ ಆಚೆ ಬಂದು ಏರು ಹತ್ತತೊಡಗಿದರು, ಭಾವ ಬಲಗಡೆ, ನಮ್ಮವರು ಎಡಗಡೆ. ಇಡ್ಲಿ ಹಿಂದೆ ಆರುತ್ತಿತ್ತು. ನಾನು ಟೇಪನ್ನು ಒಳಕ್ಕೆ ನೂಕಿ, ಖಾನೆಯ ಬಾಗಿಲು ಮುಚ್ಚಿ, ಅದು ಮತ್ತೆ ತೆರೆದುಕೊಳ್ಳದ ಹಾಗೆ ಕೈಯಿಂದ ಒತ್ತಿ ಹಿಡಿದು ಕೂತೆ.